ಕೆಲಸಕ್ಕೆ ಬಂದ ದೇಶ ಕಣ್ಣೆದುರೇ ಕುಸಿಯುತ್ತಿದೆ. ಭಯ, ಖುಷಿ, ನಾಚಿಕೆ ಎಲ್ಲ ಒಟ್ಟಿಗೆ ಆಗುತ್ತಿದೆ. ಇದು ಸರಿನಾ? ಇರಲಾ, ವಾಪಸ್ ಬರಲಾ?

‘ಬೀದಿಯಲ್ಲಿ ಜನರ ಜೊತೆ ನಿಂತಾಗ ಖುಷಿಯಾಗುತ್ತೆ, ಮನೆಗೆ ಬಂದು ಬ್ಯಾಂಕ್ ಬ್ಯಾಲೆನ್ಸ್ ನೋಡಿದರೆ ಕೈಕಾಲು ತಣ್ಣಗಾಗುತ್ತೆ’ ಅಂತ ಬರೆದಿದ್ದೀರಿ. ಆ ಸಾಲು ಓದಿ ನಾನು ಸೀದಾ 2022ರ ಕೊಲಂಬೋಗೆ ಹೋಗಿಬಿಟ್ಟೆ.

ಆಗ ಅಲ್ಲೊಂದು ಗಾರ್ಮೆಂಟ್ಸ್ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಹೆಂಡತಿ, ಎರಡನೇ ಕ್ಲಾಸಿನ ಮಗಳು ಜೊತೆಗಿದ್ದರು. ವೆಲ್ಲವತ್ತೆಯಲ್ಲಿ ಮಹಡಿ ಮೇಲೆ ಬಾಡಿಗೆ ಮನೆ. ಕೆಳಗಡೆ ಓನರ್, ಜಾಫ್ನಾ ಕಡೆಯ ತಮಿಳು ಹೆಂಗಸು, ಎಪ್ಪತ್ತರ ಹತ್ತಿರ ವಯಸ್ಸು. ನಾನು ಆಂಟಿ ಅನ್ನುತ್ತಿದ್ದೆ, ಅವರು ನನ್ನನ್ನು ತಂಬಿ ಅನ್ನುತ್ತಿದ್ದರು.

ಶ್ರೀಲಂಕಾದ ಗಲಾಟೆ ಅಂದರೆ ಎಲ್ಲರಿಗೂ ಜನ ನುಗ್ಗಿ ಈಜಿದ ಅಧ್ಯಕ್ಷರ ಮನೆಯ ಈಜುಕೊಳ ನೆನಪಾಗುತ್ತೆ. ನನಗೆ ನೆನಪಾಗೋದು ಹಾಲಿನ ಪುಡಿ. ಅದೂ ಒಂದು ವರ್ಷ ಮುಂಚಿನದು, 2021ರದು. ನನ್ನ ತಪ್ಪು ಶುರುವಾಗಿದ್ದು ಅಲ್ಲಿಂದ. ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

ಲಂಕಾದಲ್ಲಿ ಮನೆ ಮನೆಯಲ್ಲೂ ಟೀಗೆ ಹಾಲಿನ ಪುಡಿಯೇ. ಅದು ಹೊರದೇಶದಿಂದ ಬರಬೇಕು. ಅದಕ್ಕೆ ಸರ್ಕಾರ ಗರಿಷ್ಠ ಬೆಲೆ ಕಟ್ಟಿತ್ತು. ಡಾಲರ್ ಕೊಟ್ಟು ತರಿಸಿದವನಿಗೆ ಆ ಬೆಲೆಗೆ ಮಾರಿದರೆ ಕೈ ಕಚ್ಚುತ್ತಿತ್ತು. ಹಾಗಾಗಿ ಪುಡಿ ಅಂಗಡಿಗಳಿಂದ ಮಾಯವಾಯಿತು. ಬೆಲೆ ಮಾತ್ರ ಒಂದು ರೂಪಾಯಿಯೂ ಏರಿರಲಿಲ್ಲ! ಅಕ್ಟೋಬರ್‌ನಲ್ಲಿ ಬೆಲೆಯ ಕಟ್ಟು ತೆಗೆದರು, ಪುಡಿ ಮತ್ತೆ ಕಾಣಿಸಿಕೊಂಡಿತು, ದುಬಾರಿಯಾಗಿ. ಆಂಟಿ ಎರಡು ಪ್ಯಾಕೆಟ್ ತಂದು ಒಂದನ್ನು ನಮಗೆ ಕೊಟ್ಟರು. ‘ಬೋರ್ಡಿನಲ್ಲಿ ಬೆಲೆ ಇದೆ, ಅಂಗಡಿಯಲ್ಲಿ ಮಾಲಿಲ್ಲ ಅಂದರೆ ಅದು ಬೆಲೆಯೇ ಅಲ್ಲ ತಂಬಿ’ ಅಂದರು. ನಾನು ನಕ್ಕು ಪ್ಯಾಕೆಟ್ ತೆಗೆದುಕೊಂಡೆ.

ಅದೇ ತಿಂಗಳು ಊರಿಗೆ ದುಡ್ಡು ಕಳಿಸೋಣ ಅಂತ ಬ್ಯಾಂಕಿಗೆ ಹೋದೆ. ಬೋರ್ಡಿನಲ್ಲಿ ಡಾಲರಿಗೆ ಸುಮಾರು 202 ಲಂಕಾ ರೂಪಾಯಿ. ಕೌಂಟರಿನ ಹುಡುಗ ‘ಮುಂದಿನ ವಾರ ಬನ್ನಿ ಸರ್’ ಅಂದ. ಮುಂದಿನ ವಾರ ಹೋದರೆ ಮತ್ತೆ ಮುಂದಿನ ವಾರ. ಹುಡುಗ ಸೋಮಾರಿ ಅಂದುಕೊಂಡೆ.

ಮಾಲಿಲ್ಲದ ಅಂಗಡಿ, ಡಾಲರ್ ಇಲ್ಲದ ಬ್ಯಾಂಕ್. ಎರಡೂ ಒಂದೇ ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ. ನಾನು ಲೆಕ್ಕದವನು ಬೇರೆ!

ಆಗ ನಮ್ಮ ಕೈಯಲ್ಲಿ 40 ಲಕ್ಷ ಲಂಕಾ ರೂಪಾಯಿ ಇತ್ತು. ನಮ್ಮ ಒಂದು ರೂಪಾಯಿಗೆ ಅವರ 2.70, ಅಂದರೆ ಹತ್ತಿರ ಹತ್ತಿರ 14.8 ಲಕ್ಷ. ‘ಹೇಗಾದರೂ ಕಳಿಸಿಬಿಡಿ, ಇವತ್ತಲ್ಲ ನಾಳೆ ಅಂತ ಬೇಡ’ ಅಂತ ಹೆಂಡತಿ ಹೇಳುತ್ತಲೇ ಇದ್ದಳು. ನನ್ನ ವಾದ ಹೀಗಿತ್ತು: ರೇಟು ಕದಲುತ್ತಿಲ್ಲ, ಅಂದರೆ ಕಾಯುವುದರಿಂದ ನಷ್ಟ ಇಲ್ಲ. ಸುಮ್ನೆ ಯಾಕೆ ಇಡೋದು, ಬಡ್ಡಿಯಾದರೂ ಬರಲಿ. ನವೆಂಬರ್‌ನಲ್ಲಿ ಒಂದು ವರ್ಷಕ್ಕೆ ಎಫ್‌ಡಿ ಮಾಡಿಬಿಟ್ಟೆ.

ರೇಟು ಕದಲದೆ ನಿಂತಿದ್ದು ಗಟ್ಟಿಯಾಗಿದ್ದಕ್ಕಲ್ಲ. ಕೇಂದ್ರ ಬ್ಯಾಂಕ್ ಕೈಯಲ್ಲಿ ಹಿಡಿದು ನಿಲ್ಲಿಸಿತ್ತು. 2019ರ ಈಸ್ಟರ್ ಬಾಂಬುಗಳಿಂದ ಪ್ರವಾಸಿಗರು ಕಮ್ಮಿಯಾದರು, ಆಮೇಲೆ ಕೋವಿಡ್ ಬಂದು ಅದೂ ನಿಂತಿತು. 2019ರ ಕೊನೆಯಲ್ಲಿ ಹೊಸ ಸರ್ಕಾರ ವ್ಯಾಟ್ ಅನ್ನು 15ರಿಂದ 8 ಪರ್ಸೆಂಟಿಗೆ ಇಳಿಸಿತು, ಬೊಕ್ಕಸ ಬರಿದಾಯಿತು. ಹೊರಗಡೆ ಸಾಲ ಹುಟ್ಟದ ಹಾಗಾಯಿತು. ದೇಶದ ಹತ್ತಿರ 2019ರ ಕೊನೆಗೆ 760 ಕೋಟಿ ಡಾಲರ್ ಇತ್ತು. ನಾನು ಎಫ್‌ಡಿ ಮಾಡಿದ ನವೆಂಬರ್ ಕೊನೆಗೆ ಉಳಿದಿದ್ದು ಸುಮಾರು 160 ಕೋಟಿ. ಇದೇನು ಗುಟ್ಟಲ್ಲ, ಪೇಪರಿನಲ್ಲೇ ಬರುತ್ತಿತ್ತು. ಓದುತ್ತಿದ್ದೆ ಕೂಡ. ಜನವರಿಯಲ್ಲಿ ಸರ್ಕಾರ 50 ಕೋಟಿ ಡಾಲರಿನ ಬಾಂಡ್ ತೀರಿಸಿದಾಗ ‘ನೋಡು, ಕಟ್ಟಿದರಲ್ಲ’ ಅಂತ ಪೇಪರ್ ಹಿಡಿದು ಹೆಂಡತಿಗೆ ತೋರಿಸಿದ್ದೆ. ಇದ್ದಬದ್ದದ್ದನ್ನು ಬಳಿದು ಕಟ್ಟಿದ್ದು ಅದು. ಅವಳು ಇವತ್ತಿಗೂ ಆ ‘ಕಟ್ಟಿದರಲ್ಲ’ವನ್ನು ಮರೆತಿಲ್ಲ. ಮನೆಯಲ್ಲಿ ನಾನು ಯಾವುದರ ಬಗ್ಗೆ ಧೈರ್ಯ ಹೇಳಿದರೂ ಅದೇ ಮಾತು ವಾಪಸ್ ಬರುತ್ತೆ.

ಇನ್ನೊಂದು ಸುಳಿವೂ ಇತ್ತು. ಬ್ಯಾಂಕಿನ ಹೊರಗೆ ಡಾಲರಿಗೆ ಮೂವತ್ತು ನಲವತ್ತು ರೂಪಾಯಿ ಜಾಸ್ತಿ ಕೊಡುವವರಿದ್ದರು. ಕಳ್ಳರು ಅಂತ ಬೈದುಕೊಂಡೆ. ಅವರ ಹತ್ತಿರ ವ್ಯವಹಾರ ಮಾಡಬೇಕಿತ್ತು ಅನ್ನುತ್ತಿಲ್ಲ, ಅದು ಕಾನೂನಿಗೆ ವಿರುದ್ಧ, ಮೋಸವೂ ಜಾಸ್ತಿ. ಆದರೆ ಅವರು ಕೂಗುತ್ತಿದ್ದ ರೇಟನ್ನು ಕಿವಿಗೆ ಹಾಕಿಕೊಳ್ಳಬಹುದಿತ್ತಲ್ವಾ?

2022ರ ಮಾರ್ಚ್ 7ಕ್ಕೆ ಕೇಂದ್ರ ಬ್ಯಾಂಕ್ ಕೈಬಿಟ್ಟಿತು. ಮೇ ಹೊತ್ತಿಗೆ ಡಾಲರಿಗೆ 360. ಅವಧಿಗೆ ಮುಂಚೆ ಎಫ್‌ಡಿ ಮುರಿಸಿ, ಬಡ್ಡಿ ಕಳೆದುಕೊಂಡು, ಬ್ಯಾಂಕಿನವರು ಮೂರು ವಾರ ಅಲೆಸಿದ ಮೇಲೆ ಊರಿಗೆ ಬಂದು ಸೇರಿದ್ದು 8.6 ಲಕ್ಷ. ಆರು ಲಕ್ಷ ಹೋಯಿತು. ಯಾರೂ ಕದಿಯಲಿಲ್ಲ, ಪಾಸ್‌ಬುಕ್ಕಿನಲ್ಲಿ ಒಂದು ಸೊನ್ನೆಯೂ ಕಮ್ಮಿಯಾಗಲಿಲ್ಲ. ಹಾಗೇ ಹೋಯಿತು.

ಈಗ ನಿಮ್ಮ ಖುಷಿಯ ವಿಷಯ.

ಮಾರ್ಚ್ ಕೊನೆಗೆ ದಿನಕ್ಕೆ 13 ಗಂಟೆ ಕರೆಂಟ್ ಇರುತ್ತಿರಲಿಲ್ಲ. ಕಾಗದ ಸಿಗದೆ ಕೊಲಂಬೋ ಕಡೆಯ ಶಾಲೆಗಳ ಪರೀಕ್ಷೆ ಮುಂದೆ ಹೋಯಿತು. ಮಗಳಿಗೆ ಅದೊಂದೇ ಒಳ್ಳೆ ಸುದ್ದಿ. ಗ್ಯಾಸಿನ ಕ್ಯೂನಲ್ಲಿ ಜನ ಸಿಲಿಂಡರುಗಳಿಗೆ ಸರಪಳಿ ಹಾಕಿ ಬೀಗ ಜಡಿದು ಮನೆಗೆ ಹೋಗಿ ಸ್ನಾನ ಮಾಡಿ ಬರುತ್ತಿದ್ದರು. ಸೀಮೆಎಣ್ಣೆ, ಪೆಟ್ರೋಲ್ ಕ್ಯೂಗಳಲ್ಲಿ ವಯಸ್ಸಾದವರು ಕುಸಿದು ಸತ್ತ ಸುದ್ದಿ ಬರುತ್ತಿತ್ತು. ಮಾರ್ಚ್ 31ರ ರಾತ್ರಿ ಅಧ್ಯಕ್ಷ ಗೋಟಬಯ ರಾಜಪಕ್ಸ ಅವರ ಮಿರಿಹಾನದ ಮನೆಯೆದುರು ಜನ ಸೇರಿದರು. ಮಾರನೇ ದಿನ ತುರ್ತು ಪರಿಸ್ಥಿತಿ, ಬೆನ್ನಿಗೇ ಕರ್ಫ್ಯೂ. ಹೆಂಡತಿ, ಮಗಳನ್ನು ಅದೇ ವಾರ ವಿಮಾನ ಹತ್ತಿಸಿದೆ.

ಏಪ್ರಿಲ್ 9ರಿಂದ ಗಾಲ್ ಫೇಸ್ ಸಮುದ್ರದಂಡೆಯಲ್ಲಿ ಟೆಂಟು ಎದ್ದವು. ‘ಗೋಟಾ ಗೋ ಗಾಮ’ ಅಂತ ಹೆಸರಿಟ್ಟರು. ಗಾಮ ಅಂದರೆ ಹಳ್ಳಿ. ನಿಜಕ್ಕೂ ಹಳ್ಳಿಯೇ. ಲೈಬ್ರರಿ, ಬಿಟ್ಟಿ ಊಟ, ಔಷಧಿ, ಫೋನ್ ಚಾರ್ಜ್ ಮಾಡಿಕೊಳ್ಳುವ ಜಾಗ. ಅದು ರಂಜಾನ್ ತಿಂಗಳು. ಸಂಜೆ ಮುಸ್ಲಿಮರು ಉಪವಾಸ ಬಿಡುವಾಗ ಸಿಂಹಳ ಹುಡುಗರೂ ಪಕ್ಕದಲ್ಲಿ ಕೂತು ತಿನ್ನುತ್ತಿದ್ದರು. ಮೂರು ವರ್ಷದ ಹಿಂದೆ ಈಸ್ಟರ್ ಬಾಂಬಿನ ನಂತರ ಇದೇ ಊರು ಮುಸ್ಲಿಮರನ್ನು ಎಂಥ ಅನುಮಾನದಿಂದ ನೋಡಿತ್ತು ಅಂತ ಕಂಡವನು ನಾನು. ಕತ್ತಲೆ ಮನೆಯಲ್ಲಿ ಒಬ್ಬನೇ ಕೂರುವ ಬದಲು ಆಫೀಸ್ ಮುಗಿಸಿ ಅಲ್ಲಿಗೇ ಹೋಗುತ್ತಿದ್ದೆ. ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನಾಚಿಕೆಯೂ ಇತ್ತು. ಕ್ಯೂನಲ್ಲಿ ಇಂಡಿಯಾದವನು ಅಂತ ಗೊತ್ತಾದ ತಕ್ಷಣ ‘ನಿಮ್ಮ ಡೀಸೆಲ್ ಹಡಗು ಯಾವಾಗ ಬರುತ್ತೆ?’ ಅಂತ ಕೇಳುತ್ತಿದ್ದರು. ಭಾರತ ಎಣ್ಣೆಗೆ, ಆಹಾರಕ್ಕೆ ಸಾಲ ಕೊಟ್ಟಿತ್ತಲ್ಲ, ಹಡಗೇನೋ ನಮ್ಮಪ್ಪಂದು ಅನ್ನೋ ಹಾಗೆ ನನಗೆ ಥ್ಯಾಂಕ್ಸ್ ಹೇಳುತ್ತಿದ್ದರು. ನನ್ನ ಜೇಬಿನಲ್ಲಿ ಪಾಸ್‌ಪೋರ್ಟ್ ಇತ್ತು. ಬೇಕು ಅನಿಸಿದ ದಿನ ನಾನು ಹೊರಡಬಹುದಿತ್ತು, ಅವರಿಗೆ ಹೊರಡಲು ಜಾಗವಿರಲಿಲ್ಲ.

ಒಂದು ರಾತ್ರಿ ನಾನೂ ಘೋಷಣೆ ಕೂಗಿದೆ. ವೀಸಾ ಮೇಲೆ ಇರುವವನು ಇನ್ನೊಬ್ಬರ ದೇಶದಲ್ಲಿ ಹಾಗೆ ಮಾಡಬಾರದು, ಗೊತ್ತಿತ್ತು. ಗಂಟಲು ಕಟ್ಟುವ ತನಕ ಕೂಗಿ, ಆರೇಳು ಕಿಲೋಮೀಟರ್ ನಡೆದು ಮನೆಗೆ ಬಂದೆ. ದಾರಿಯಲ್ಲಿ ಯೋಚನೆ ಬಂತು: ಇಷ್ಟು ಸಿಟ್ಟು ನನಗೆ ಎಲ್ಲಿಂದ ಬಂತು? ಪಕ್ಕದಲ್ಲಿ ಕೂಗುತ್ತಿದ್ದ ಆಟೋದವನು ಎರಡು ರಾತ್ರಿ ಪೆಟ್ರೋಲ್ ಬಂಕ್ ಮುಂದೆ ಗಾಡಿಯಲ್ಲೇ ಮಲಗಿದ್ದವನು. ನನ್ನ ಕೂಗಿನಲ್ಲಿ ಅರ್ಧಕ್ಕರ್ಧ ನನ್ನ ಎಫ್‌ಡಿಗೆ ಸೇರಿದ್ದು. ಹೆಂಡತಿಯ ಮಾತು ಕೇಳದ ಸಿಟ್ಟನ್ನು ಗೋಟಬಯ ಮೇಲೆ ತೀರಿಸಿಕೊಂಡಿದ್ದೆ. ಆತ ಬೈಗುಳಕ್ಕೆ ಅರ್ಹರೇ, ಅದು ಬೇರೆ ವಿಷಯ.

ಆಂಟಿ ಮಾತ್ರ ಒಂದು ದಿನವೂ ಗಾಲ್ ಫೇಸ್ ಕಡೆ ಬರಲಿಲ್ಲ. ಸಿಂಹಳ ಗುಂಪುಗಳು ತಮಿಳರ ಮೇಲೆ ಬಿದ್ದ 1983ರ ಜುಲೈ ಗಲಭೆಯಲ್ಲಿ ಅವರ ಮನೆ ಸುಟ್ಟಿತ್ತು. ‘ಗ್ಯಾಸ್ ಖಾಲಿಯಾದ ಮೇಲೆ ಇವರಿಗೆ ಎಚ್ಚರವಾಯಿತು’ ಅಂತ ಒಮ್ಮೆ ಅಂದಿದ್ದರು. ಮೇ 18ಕ್ಕೆ ತಾವಾಗಿಯೇ ‘ಕರೆದುಕೊಂಡು ಹೋಗು’ ಅಂದರು. ಆವತ್ತು ಅಲ್ಲಿ ಮುಳ್ಳಿವಾಯ್ಕಾಲ್‌ನಲ್ಲಿ ಸತ್ತವರ ನೆನಪಿಗೆ ಗಂಜಿ ಹಂಚುತ್ತಿದ್ದರು. 2009ರಲ್ಲಿ ಎಲ್‌ಟಿಟಿಇ ಜೊತೆಗಿನ ಯುದ್ಧದ ಕೊನೆಯ ದಿನಗಳಲ್ಲಿ ಮುಳ್ಳಿವಾಯ್ಕಾಲ್‌ನಲ್ಲಿ ಸಿಕ್ಕಿಬಿದ್ದ ತಮಿಳರಿಗೆ ಇದ್ದ ಆಹಾರ ಅದೇ. ಕೊಲಂಬೋದ ನಡುವೆ, ಸಿಂಹಳರೂ ಸೇರಿ ಹೀಗೆ ನೆನೆಯುವುದು ಹಿಂದಿನ ವರ್ಷ ಊಹೆಗೂ ನಿಲುಕುತ್ತಿರಲಿಲ್ಲ. ಒಬ್ಬ ಸಿಂಹಳ ಹುಡುಗ ಆಂಟಿಯ ಕೈಗೆ ಲೋಟ ಕೊಟ್ಟ. ಎರಡು ಗುಟುಕು ಕುಡಿದರು. ಅಳುತ್ತಾರೇನೋ ಅಂತ ನಾನು ಕಾಯುತ್ತಿದ್ದೆ. ಬಸ್ಸಿನಲ್ಲಿ ನೇತಾಡಿಕೊಂಡು ವಾಪಸ್ ಬರುವಾಗ ‘ಉಪ್ಪು ಕಮ್ಮಿ’ ಅಂದರು. ಅಷ್ಟೇ.

ಜುಲೈ 9ಕ್ಕೆ ಲಕ್ಷಾಂತರ ಜನ ನುಗ್ಗಿ ಬಂದರು, ರೈಲು ಬಿಡುವುದಿಲ್ಲ ಅಂದರೆ ಬಿಡಿಸಿಕೊಂಡು ಬಂದರು. ಅಧ್ಯಕ್ಷರ ಮನೆಯಲ್ಲಿ ಸಿಕ್ಕ 1 ಕೋಟಿ 78 ಲಕ್ಷ ರೂಪಾಯಿ ನೋಟನ್ನು ಎಣಿಸಿ ಪೊಲೀಸರಿಗೆ ಒಪ್ಪಿಸಿದರು. ಅಡುಗೆಗೆ ಗ್ಯಾಸ್ ಇಲ್ಲದವರು! ಅದನ್ನು ನೋಡಿ ನನಗೆ ಕಣ್ಣು ತುಂಬಿತು. ಅದೇ ರಾತ್ರಿ ಪ್ರಧಾನಿ ರನಿಲ್ ವಿಕ್ರಮಸಿಂಘೆ ಅವರ ಸ್ವಂತ ಮನೆಗೆ ಬೆಂಕಿ ಬಿತ್ತು, ಅವರ ಪುಸ್ತಕಗಳೆಲ್ಲ ಸುಟ್ಟವು. ಆಂಟಿ ಫೋನಿನಲ್ಲಿ ಆ ವಿಡಿಯೋ ಎರಡು ಸಲ ನೋಡಿದರು. ‘ಜಾಫ್ನಾ ಲೈಬ್ರರಿಯಲ್ಲಿ 97,000 ಪುಸ್ತಕ ಇತ್ತು ತಂಬಿ. 1981ರಲ್ಲಿ ಅದನ್ನು ಸುಟ್ಟಾಗ ಇಷ್ಟು ಕ್ಯಾಮರಾ ಇರಲಿಲ್ಲ.’ ಅವರಿಗೆ ಬೇಜಾರಾಗಿತ್ತಾ, ಸಮಾಧಾನವಾಗಿತ್ತಾ, ನನಗೆ ಇವತ್ತಿಗೂ ಗೊತ್ತಿಲ್ಲ. ಅವರಿಗೂ ಗೊತ್ತಿತ್ತು ಅನ್ನಿಸುವುದಿಲ್ಲ.

ಅದಕ್ಕೇ ನಿಮ್ಮ ‘ಇದು ಸರಿನಾ’ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಅನಿಸಿಕೆಗೆ ಸರಿ ತಪ್ಪಿನ ತೀರ್ಪು ಯಾರು ಕೊಡಬೇಕು? ಎಪ್ಪತ್ತು ವರ್ಷ ಅದೇ ಮಣ್ಣಿನಲ್ಲಿ ಬದುಕಿದವರಿಗೇ ಅದು ಒಂದು ಕಡೆ ನಿಲ್ಲಲಿಲ್ಲ. ನಾವು ನಾಲ್ಕು ದಿನ ಕೆಲಸಕ್ಕೆ ಹೋದವರು. ಮನಸ್ಸು ತಿಳಿಯಾಗಲಿ, ಆಮೇಲೆ ನಿರ್ಧಾರ ಮಾಡೋಣ ಅಂತ ಕಾಯುತ್ತಿದ್ದೀರಲ್ಲ, ಅದು ಅಪಾಯ. ನಾನು ರೇಟು ನೋಡಿಕೊಂಡು ಕೂತ ಹಾಗೆ ನೀವು ಮನಸ್ಸು ನೋಡಿಕೊಂಡು ಕೂತಿದ್ದೀರಿ.

‘ಇರಲಾ, ಬರಲಾ’ ಅನ್ನುವುದೂ ಒಂದು ಪ್ರಶ್ನೆ ಅಲ್ಲ, ಮೂರು ಪ್ರಶ್ನೆ. ದುಡ್ಡು ಈ ವಾರ ಹೊರಡಬೇಕು, ಅದರಲ್ಲಿ ಚರ್ಚೆಯೇ ಬೇಡ. ಮಕ್ಕಳಿದ್ದರೆ ಅವರು ಆಮೇಲೆ, ವಿಮಾನಗಳು ಮಾಮೂಲಾಗಿ ಹಾರುತ್ತಿರುವಾಗಲೇ. ನೀವು ಕೊನೆಗೆ, ಅಥವಾ ಬರದೇ ಇರಬಹುದು. ಕುಟುಂಬ, ದುಡ್ಡು ಎರಡೂ ಊರು ಸೇರಿದ ಮೇಲೆ ನಾನು ಸೆಪ್ಟೆಂಬರ್ ತನಕ ಇದ್ದೆ. ಆ ತಿಂಗಳು ಬೆಲೆಗಳು ಹಿಂದಿನ ವರ್ಷಕ್ಕಿಂತ ಸುಮಾರು 70 ಪರ್ಸೆಂಟ್ ಜಾಸ್ತಿ. ಕಷ್ಟವಿತ್ತು, ಆದರೆ ನಿದ್ದೆ ಬರುತ್ತಿತ್ತು. ಪ್ರತಿಭಟನೆಗೆ ಹೋಗಲೇಬೇಕು ಅನಿಸಿದರೆ ಹೋಗಿ, ನೀರು ಹಂಚಿ, ಘೋಷಣೆ ಕೂಗಬೇಡಿ. ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ ಬರೆಸಿಡಿ. ಮನೆಯಲ್ಲಿ ಎರಡು ವಾರಕ್ಕಾಗುವಷ್ಟು ಚಿಲ್ಲರೆ ನೋಟು ಇರಲಿ, ಕರೆಂಟ್ ಹೋದಾಗ ಕಾರ್ಡ್ ನಡೆಯುವುದಿಲ್ಲ.

ನಿಮ್ಮಲ್ಲಿ ರೇಟು ‘ಸದ್ಯಕ್ಕೆ ಸ್ಥಿರವಾಗಿದೆ’ ಅಂತ ಬರೆದಿದ್ದೀರಿ. ಆ ಸಾಲು ಓದಿದಾಗಲೇ ನನಗೆ ಹೊಟ್ಟೆಯಲ್ಲಿ ಸಂಕಟವಾಗಿದ್ದು. ನಾಳೆ ಬೆಳಿಗ್ಗೆ ಬ್ಯಾಂಕಿಗೆ ಹೋಗಿ, ಒಂದು ಸಣ್ಣ ಮೊತ್ತವನ್ನು ಬೋರ್ಡಿನಲ್ಲಿರುವ ರೇಟಿಗೇ ಊರಿಗೆ ಕಳಿಸಿ ಅಂತ ಕೇಳಿ. ಕೌಂಟರಿನಲ್ಲಿ ‘ಮುಂದಿನ ವಾರ ಬನ್ನಿ’ ಅಂದರೆ ತಕ್ಷಣ ಇಲ್ಲಿ ಕಾಮೆಂಟ್ ಹಾಕಿ.