ಕಲಬುರಗಿಯಲ್ಲಿ ಓದಿದವರು ಹವಾಮಾನ ಬದಲಾವಣೆ ಮತ್ತು ಕಡಲ ಜೀವಿಗಳನ್ನು ಅಧ್ಯಯನ ಮಾಡುವ ವಿಜ್ಞಾನಿ ಆಗಬಹುದಾ?

ಖಂಡಿತ ಆಗಬಹುದು. ಪಿಯುಸಿಯಲ್ಲಿದ್ದರೆ ಸಿಇಟಿ ಬರೆದು ಮಂಗಳೂರಿನ ಮೀನುಗಾರಿಕಾ ಕಾಲೇಜಿನ 4 ವರ್ಷದ ಮೀನುಗಾರಿಕಾ ವಿಜ್ಞಾನದ ಪದವಿ ಬಿಎಫ್‌ಎಸ್ಸಿಗೆ ಸೇರಬಹುದು. ಆ ಕಾಲೇಜು ನಮ್ಮ ಬೀದರಿನ ವಿಶ್ವವಿದ್ಯಾಲಯದ್ದೇ ಅನ್ನುವುದು ಇಲ್ಲಿ ಅನೇಕರಿಗೆ ಗೊತ್ತಿಲ್ಲ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಬಿಎಸ್ಸಿಯಲ್ಲಿದ್ದರೆ ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕೇಂದ್ರದಲ್ಲಿ ಕಡಲ ಜೀವಶಾಸ್ತ್ರದ ಎಂಎಸ್ಸಿ, ಆಮೇಲೆ ಸಂಶೋಧನಾ ವೇತನದ ಪರೀಕ್ಷೆ ನೆಟ್–ಜೆಆರ್‌ಎಫ್ ಪಾಸಾಗಿ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಂಥ ಕಡೆ ಪಿಎಚ್‌ಡಿ.

ಡಿಗ್ರಿಗಿಂತ ಕೈಕೆಲಸದ ಶಿಸ್ತು ಮುಖ್ಯ. ನೀರಿನ ಆಮ್ಲಜನಕ ಅಳೆಯುವ ವಿಂಕ್ಲರ್ ಟೈಟ್ರೇಷನ್ನನ್ನೇ ನೋಡಿ. ರಬ್ಬರ್ ಕೊಳವೆಯನ್ನು ಬಾಟಲಿಯ ತಳಕ್ಕೆ ಇಳಿಸಿ ನಿಧಾನವಾಗಿ ತುಂಬಿಸಬೇಕು, ಬಾಟಲಿಯ ಎರಡು–ಮೂರು ಪಟ್ಟು ನೀರು ಉಕ್ಕಿ ಹರಿಯಬೇಕು, ಮ್ಯಾಂಗನೀಸ್ ದ್ರಾವಣ ಮತ್ತು ಕ್ಷಾರೀಯ ಅಯೋಡೈಡ್ ಅನ್ನು ಕೂಡಲೇ ಹಾಕಬೇಕು. ಒಂದು ಗುಳ್ಳೆ ಒಳಗುಳಿದರೂ ಅದರೊಳಗಿನ ಗಾಳಿ ಸೇರಿ ಲೆಕ್ಕ ಹೆಚ್ಚಾಗುತ್ತದೆ. ಅರಬ್ಬಿ ಸಮುದ್ರದಲ್ಲಿ ಆಮ್ಲಜನಕ ತೀರಾ ಕಡಿಮೆಯಿರುವ ಪದರಗಳಿವೆ. ಮೀನು ಬದುಕಲಾಗದ ನೀರು ಚೆನ್ನಾಗಿದೆ ಎಂದು ದಾಖಲಾದರೆ ಅಧ್ಯಯನವೇ ಹಾಳು. ಟೈಟ್ರೇಷನ್ ಕಲಿಯಲು ಕಡಲು ಬೇಕಿಲ್ಲ, ಕಾಲೇಜಿನ ರಸಾಯನಶಾಸ್ತ್ರ ಲ್ಯಾಬ್ ಸಾಕು.

ಹವಳದ ಕೆಲಸಕ್ಕಂತೂ ಮನೆಯಿಂದಲೇ ತಯಾರಾಗಬಹುದು. ಉಪಗ್ರಹಗಳ ಸಮುದ್ರ ಉಷ್ಣಾಂಶದ ದತ್ತಾಂಶ ಉಚಿತವಾಗಿ ಸಿಗುತ್ತದೆ. ವರ್ಷದ ಅತಿ ಬಿಸಿ ತಿಂಗಳ ಸರಾಸರಿಗಿಂತ 1 ಡಿಗ್ರಿ ಹೆಚ್ಚು ಬಿಸಿ 4 ವಾರ ನಿಂತರೆ ಹವಳ ಬಿಳಿಚಿಕೊಳ್ಳುವ ಅಪಾಯವಿದೆ, 8 ವಾರವಾದರೆ ಸಾಯಲೂಬಹುದು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು, ಲಕ್ಷದ್ವೀಪದಲ್ಲಿ ಹವಳ ಬಿಳಿಚಿಕೊಂಡ 1998, 2010 ಮತ್ತು 2016ರ ಲೆಕ್ಕವನ್ನು ನೀವೇ ಹಾಕಿ ನೋಡಿ. ಸಂಖ್ಯಾಶಾಸ್ತ್ರ ಬಿಡಬೇಡಿ.