ಅನುಭವ ಪತ್ರ ಕೊಳ್ಳಲು ಹೊರಟ ಪದವೀಧರ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವೈಯಕ್ತಿಕ ವಿವರಗಳನ್ನು ಬದಲಾಯಿಸಲಾಗಿದೆ.)

2023ರಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಬಿ.ಇ. ಮುಗಿಸಿದ ಈ ಯುವಕ ನನ್ನ ಬಳಿ ಬಂದಾಗ ಬೆಂಗಳೂರಿನ ಪಿ.ಜಿ.ಯೊಂದರಲ್ಲಿ ಹದಿನಾಲ್ಕು ತಿಂಗಳು ಕಳೆದಿದ್ದ. ನಿದ್ದೆ ಹತ್ತುವುದಿಲ್ಲ, ಊರಿನಿಂದ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಹೇಳಿಕೊಂಡ. ಮಾತಿನ ನಡುವೆ ಒಂದು ನೋಟ್‌ಬುಕ್ ತೆಗೆದು ಮುಂದಿಟ್ಟ. ಅರ್ಜಿ ಹಾಕಿದ ಕಂಪನಿಗಳ ಹೆಸರು, ದಿನಾಂಕ, ಬಂದ ಉತ್ತರ ಎಂದು ಗೆರೆ ಎಳೆದಿದ್ದ ಪುಟಗಳಲ್ಲಿ ಉತ್ತರದ ಕಾಲಂ ಬಹುತೇಕ ಖಾಲಿಯಿತ್ತು. ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಒಬ್ಬ ಏಜೆಂಟನ ನಂಬರು, ಅದರ ಕೆಳಗೆ ‘80,000, ಮೂರು ವರ್ಷ’. ಅಂದರೆ ಅಷ್ಟು ಹಣಕ್ಕೆ ಮೂರು ವರ್ಷದ ಸುಳ್ಳು ಅನುಭವ ಪತ್ರ. ಅದಕ್ಕಾಗಿ ಸಾಲ ತರಲು ತಂದೆ ಒಪ್ಪಿದ್ದರು. ಕೊಳ್ಳುತ್ತಿರುವುದು ಏನೆಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ತನ್ನ ಅಸಾಮರ್ಥ್ಯವೆಂದು ಆತ ನಂಬಿದ್ದರಲ್ಲಿ ಮಾರುಕಟ್ಟೆಯ ಪಾಲೆಷ್ಟು ಎಂಬುದನ್ನು ಬಿಡಿಸಿ ತೋರಿಸುವುದಕ್ಕೇ ಮೊದಲ ಎರಡು ಭೇಟಿಗಳು ಹಿಡಿದವು. 2021–22ರಲ್ಲಿ ಹೊಸಬರನ್ನು ಸಾವಿರಗಟ್ಟಲೆ ಸೇರಿಸಿಕೊಂಡ ದೊಡ್ಡ ಐ.ಟಿ. ಸೇವಾ ಕಂಪನಿಗಳಲ್ಲೇ 2023–24ರಲ್ಲಿ ಸಿಬ್ಬಂದಿ ಸಂಖ್ಯೆ ಕುಗ್ಗಿತು. ಆತ ಪದವಿ ಹಿಡಿದು ಬಂದದ್ದು ಆ ಇಳಿತದ ನಡುವೆ. ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕೆಂದು ತೆರೆಯುವ ಜಿ.ಸಿ.ಸಿ.ಗಳು ದೇಶದಲ್ಲೇ ಬೆಂಗಳೂರಿನಲ್ಲಿ ಹೆಚ್ಚು, ಆದರೆ ಅವು ಬಹುಮಟ್ಟಿಗೆ ಪಳಗಿದವರನ್ನೇ ಕೇಳುತ್ತವೆ. ಸುಳ್ಳು ಅನುಭವದ ವ್ಯಾಪಾರ ಬೆಳೆಯುವುದು ಇದೇ ಸಂದಿಯಲ್ಲಿ.

ಆ ಪತ್ರ ಬೇಡವೆಂದು ನಾನು ಸ್ಪಷ್ಟವಾಗಿಯೇ ಹೇಳಿದೆ. ಪಿ.ಎಫ್. ಕಟ್ಟುವ ಸಂಸ್ಥೆಯಲ್ಲಿ ದುಡಿದವರ ಯು.ಎ.ಎನ್. (ಪಿ.ಎಫ್. ಸದಸ್ಯರ ಗುರುತಿನ ಸಂಖ್ಯೆ) ದಾಖಲೆಯಲ್ಲಿ ಸಂಸ್ಥೆಯ ಹೆಸರು, ಸೇರಿದ ದಿನ, ಬಿಟ್ಟ ದಿನ ಎಲ್ಲವೂ ಇರುತ್ತವೆ. ಹಿನ್ನೆಲೆ ಪರಿಶೀಲಿಸುವವರು ಅದನ್ನು ನೋಡುತ್ತಾರೆ, ಕೆಲಸಕ್ಕೆ ಸೇರಿದ ಮೇಲೆ ಸಿಕ್ಕಿಬಿದ್ದರೂ ಕೆಲಸ ಹೋಗುತ್ತದೆ. ತಂದೆಯ ಫೋನಿಗೇ ಬೆದರುವ ಹುಡುಗ ಆ ಭಯವನ್ನು ಹೊತ್ತು ಕಚೇರಿಗೆ ಹೋಗುವುದು ನನಗೆ ಊಹಿಸಲೂ ಕಷ್ಟವಾಯಿತು.

ರೂಮಿನವರೆಲ್ಲ ಕಲಿಯುತ್ತಿದ್ದಾರೆಂದು ಜಾವಾ ಪ್ರೋಗ್ರಾಮಿಂಗ್ ಕೋರ್ಸಿಗೆ ಸೇರಿ ಸ್ವಂತ ವಿಷಯವನ್ನೇ ಆತ ಕೈಬಿಟ್ಟಿದ್ದ. ಕೊನೆಯ ವರ್ಷ ಪಂಪ್‌ಸೆಟ್ಟಿಗೆ ತಾನೇ ಬೆಸುಗೆ ಹಾಕಿದ್ದ ಸರ್ಕ್ಯೂಟಿನ ವಿಷಯ ತೆಗೆದಾಗ ಮಾತ್ರ ಆತನ ದನಿ ಏರಿತು. ಪೀಣ್ಯ, ಬೊಮ್ಮಸಂದ್ರದ ಎಲೆಕ್ಟ್ರಾನಿಕ್ಸ್ ಘಟಕಗಳಿಗೆ ಅರ್ಜಿ ಹಾಕಿ, 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡಿನೊಂದಿಗೆ ಸಿಗುವ ತರಬೇತಿಯೂ ಸಾಚಾ ಅನುಭವವೇ, ಖಾಲಿ ಹೋದ ತಿಂಗಳುಗಳನ್ನು ಸಂದರ್ಶನದಲ್ಲಿ ಇದ್ದಂತೆ ಹೇಳಿ ಎಂದೆ. ದಿನವಿಡೀ ಅರ್ಜಿ ಹಾಕುವುದನ್ನು ಬೆಳಗಿನ ಎರಡು ಗಂಟೆಗೆ ಇಳಿಸಲು ಸೂಚಿಸಿದೆ. ರಾತ್ರಿ ಸಂಕಟ ಹೆಚ್ಚಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಲು ಹೇಳಿ, ಸಂಖ್ಯೆಯನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆಸಿದೆ.

ಐದನೆಯ ಭೇಟಿಯ ಹೊತ್ತಿಗೆ ಆತ ಪೀಣ್ಯದ ಘಟಕವೊಂದರಲ್ಲಿ ಅಪ್ರೆಂಟಿಸ್ ಆಗಿ ಮೂರು ವಾರವಾಗಿತ್ತು. ಪಿ.ಜಿ. ಬಾಡಿಗೆ ಕಳೆದರೆ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ, ವರ್ಷದ ಬಳಿಕ ಏನೆಂಬ ಚಿಂತೆಯೂ ಹೋಗಿಲ್ಲ. ಸಾಲ ಬೇಡವೆಂದು ಹೇಳಿದ್ದಾನೆ, ಕಾರಣವನ್ನು ಇನ್ನೂ ಹೇಳಿಲ್ಲ. ಮುಂದಿನ ಭೇಟಿಗೆ ತಂದೆಯನ್ನೂ ಕರೆತರಲು ಒಪ್ಪಿದ್ದಾನೆ.