ಮುಯ್ಯಿ ಪುಸ್ತಕ ಮತ್ತು ಐದು ರೂಪಾಯಿ ಬಡ್ಡಿ

(ಗುರುತು ಸಿಗದ ಹಾಗೆ ಹೆಸರು, ಕೆಲವು ವಿವರ ಬದಲಿಸಿದ್ದೇನೆ.)

ರಂಗಣ್ಣನಿಗೆ 42 ವರ್ಷ. ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಕೆಲಸ. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಆದರೂ ಶನಿವಾರದ ಬಟವಾಡೆ ಸೋಮವಾರಕ್ಕೆ ಉಳಿಯುವುದಿಲ್ಲ. ದುಡ್ಡಿನ ವಿಷಯದಲ್ಲಿ ಸಲಹೆ ಕೇಳಲು ಹೆಂಡತಿಯ ಜೊತೆ ನನ್ನ ಬಳಿ ಬಂದವರು "ನಮ್ ಹಣೆಬರಹ ಮೇಡಂ" ಎಂದೇ ಮಾತು ಶುರು ಮಾಡಿದರು.

ಹೆಂಡತಿ ಮಾತಾಡಲಿಲ್ಲ. ಚೀಲದಿಂದ ಒಂದು ನೋಟ್‌ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಮುಯ್ಯಿ ಪುಸ್ತಕ, ಅಂದರೆ ನೆಂಟರ ಮನೆಯ ಕಾರ್ಯಗಳಿಗೆ ಕೊಟ್ಟ ಉಡುಗೊರೆ ಹಣದ ಲೆಕ್ಕ. ಮದುವೆ, ನಾಮಕರಣ, ತಿಥಿ, ಎಲ್ಲ ಅದರಲ್ಲಿತ್ತು.

ಎರಡು ವರ್ಷದ ಹಿಂದೆ ಅಕ್ಕನ ಮಗಳ ಮದುವೆ. ಸೋದರಮಾವ ಕಡಿಮೆ ಮಾಡಿದ ಅನ್ನಿಸಿಕೊಳ್ಳಬಾರದೆಂದು 30,000 ಕೈಸಾಲ ತಂದಿದ್ದರು. ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿ. "ಒಂದು ತಿಂಗಳೂ ತಪ್ಪಿಸಿಲ್ಲ" ಎಂದು ಹೆಮ್ಮೆಯಿಂದ ಹೇಳಿದರು. ಲೆಕ್ಕ ಅವರ ಕೈಯಲ್ಲೇ ಬರೆಸಿದೆ. ತಿಂಗಳಿಗೆ 1,500. ವರ್ಷಕ್ಕೆ 18,000. ಎರಡು ವರ್ಷಕ್ಕೆ 36,000. ಅಸಲು? ಹಾಗೇ ಇದೆ. ಪೆನ್ನು ಹಿಡಿದುಕೊಂಡು ಸುಮ್ನೆ ಕೂತರು.

ಹೆಂಡತಿಯ ಸರ ಬ್ಯಾಂಕಿನಲ್ಲಿ ಅಡ ಇಟ್ಟಿದ್ದರೆ ಬಡ್ಡಿ ವರ್ಷಕ್ಕೆ ನೂರಕ್ಕೆ ಹತ್ತರ ಆಸುಪಾಸು. ಯಾಕೆ ಇಡಲಿಲ್ಲ? "ಬರಿ ಕೊರಳಲ್ಲಿ ಮದುವೆಗೆ ಹೋದ್ರೆ ಜನ ಏನಂತಾರೆ?"

ಬಡತನವೆಲ್ಲ ಅಭ್ಯಾಸದಿಂದಲೇ ಬರುತ್ತದೆ ಅಂದರೆ ನಾನು ಒಪ್ಪುವುದಿಲ್ಲ. ಜಡಿಮಳೆಯಲ್ಲಿ ಕೆಲಸ ಸಿಗದಿದ್ದರೆ ರಂಗಣ್ಣ ಏನು ಮಾಡಿಯಾರು? ಮುಯ್ಯಿಯೂ ಬೇಕು, ಎಷ್ಟೋ ಮನೆಯ ಮದುವೆ ನಡೆಯುವುದೇ ಅದರಿಂದ. ಬಡ್ಡಿಗೆ ತಂದು ಮುಯ್ಯಿ ಮಾಡುವುದು ಮಾತ್ರ ನನಗೆ ಹಿಡಿಸಲಿಲ್ಲ.

ಹೇಳಿದ್ದು ಇಷ್ಟು. ಸರ ಬ್ಯಾಂಕಿನಲ್ಲಿಟ್ಟು ಕೈಸಾಲ ತೀರಿಸಿ. ಅದೇ 1,500 ತಿಂಗಳು ತಿಂಗಳು ಬ್ಯಾಂಕಿಗೆ ಕಟ್ಟಿ, ವರ್ಷ ತುಂಬಿದಾಗ ರಿನ್ಯೂವಲ್ ಮಾಡಿಸಿ. ಎರಡು ವರ್ಷದೊಳಗೆ ಸರ ಮನೆಗೆ ಬರುತ್ತದೆ. ರೊಬಸ್ಟಾ ಕೊಯ್ಲಿನಲ್ಲಿ ಕಿಲೋ ಲೆಕ್ಕದ ಕೂಲಿ ಜಾಸ್ತಿ ಸಿಗುತ್ತದಲ್ವಾ, ಆಗ ಮಳೆಗಾಲಕ್ಕೆಂದು ತೆಗೆದಿಡಿ. ಅಂಚೆ ಕಚೇರಿಯಲ್ಲಿ 500 ರೂಪಾಯಿಗೆ ಉಳಿತಾಯ ಖಾತೆ ತೆರೆಯಬಹುದು. ಖಾತೆ ಹೆಂಡತಿ ಹೆಸರಿನಲ್ಲಿರಲಿ. ಬಟವಾಡೆ ದುಡ್ಡಲ್ಲಿ ಮೊದಲು ಅವರ ಪಾಲು, ಆಮೇಲೆ ಸಂತೆ. ಮುಯ್ಯಿ 500 ದಾಟುವುದು ಬೇಡ. ತೀರಾ ಹತ್ತಿರದವರಾದರೆ ಎರಡು ದಿನ ಮುಂಚೆ ಹೋಗಿ ಚಪ್ಪರ ಹಾಕಿ, ಸೌದೆ ಒಡೆಯಿರಿ.

ಕೊನೆಯ ಮಾತಿಗೆ ರಂಗಣ್ಣ ಮುಖ ಸಣ್ಣ ಮಾಡಿಕೊಂಡರು.

ಎರಡು ತಿಂಗಳ ಮೇಲೆ ಬಂದರು. ಕೈಸಾಲ ತೀರಿತ್ತು. ಅಂಚೆ ಖಾತೆ ಇನ್ನೂ ಆಗಿರಲಿಲ್ಲ. ಷಡ್ಡಕನ ಗೃಹಪ್ರವೇಶಕ್ಕೆ 500 ಬರೆಸಿದ್ದರಂತೆ.

"ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ ಮೇಡಂ. ಆದ್ರೆ ಊಟಕ್ಕೆ ಅವ್ನು ನನ್ ಪಕ್ಕ ಕೂರ್ಲಿಲ್ಲ."

"ಅವ್ರು ಬಡಿಸ್ತಾ ಇದ್ರು ಕಣ್ರೀ" ಅಂದರು ಹೆಂಡತಿ.